ಪಕ್ಕದ ಬೋಟು ದೀಪ ಹಾಕಿದರೆ

ಜೂನ್ ತಿಂಗಳಲ್ಲಿ ಚಾಕಣದಲ್ಲಿ ಒಳ್ಳೆಯ ಬಂಗುಡೆ ಸಿಗುವುದಿಲ್ಲ. ಸಿಕ್ಕರೂ ಐಸಿನಲ್ಲಿ ದಿನಗಟ್ಟಲೆ ಮಲಗಿದ ಮಾಲು, ಕಣ್ಣು ನೋಡಿದರೇ ಗೊತ್ತಾಗುತ್ತದೆ. ಮೀನಂಗಡಿಯವನು ಉಜನಿ ಜಲಾಶಯದ ಚಿಲಾಪಿಯನ್ನೋ ಕೆರೆಯಲ್ಲಿ ಸಾಕಿದ ರೋಹುವನ್ನೋ ಎತ್ತಿ ತೋರಿಸಿ "ಹೇಚ್ ಘ್ಯಾ ಸಾಹೇಬ್" ಎನ್ನುತ್ತಾನೆ. ಕುಂದಾಪುರದ ಕಡೆಯ ನನಗೆ ಸಿಹಿನೀರಿನ ಮೀನು ಎಂಟು ವರ್ಷವಾದರೂ ಒಗ್ಗಿಲ್ಲ. ಹಾಗಾಗಿ ಆ ಎರಡು ತಿಂಗಳು ನಮ್ಮ ಮನೆಯಲ್ಲಿ ಒಣ ಸಿಗಡಿ ಚಟ್ನಿಯದೇ ಕಾರುಬಾರು.

ಮೀನು ಸಿಗದಿರುವುದಕ್ಕೆ ಕಾರಣ ಮಳೆಗಾಲದ ಮೀನುಗಾರಿಕೆ ನಿಷೇಧ. ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಸಮುದ್ರಕ್ಕೆ ಇಳಿಯುವಂತಿಲ್ಲ. 10 ಎಚ್‌ಪಿಗಿಂತ ಹೆಚ್ಚಿನ ಮೋಟಾರು ಕಟ್ಟಿದ ನಾಡದೋಣಿಗೂ ಅದೇ ನಿಯಮ. ಮಹಾರಾಷ್ಟ್ರದಲ್ಲೂ ಹೆಚ್ಚು ಕಡಿಮೆ ಅದೇ ಸಮಯಕ್ಕೆ ಬಂದ್. ಹೀಗೆ ಮಲ್ಪೆಯಲ್ಲಿ ಬೋಟು ಕಟ್ಟಿದ್ದರ ಫಲವನ್ನು ಅರಬ್ಬಿ ಸಮುದ್ರದಿಂದ ಸುಮಾರು ನೂರು ಕಿಲೋಮೀಟರ್ ಒಳಗಿರುವ, ಕಾರು ಮತ್ತು ಈರುಳ್ಳಿಗೆ ಹೆಸರಾದ ಈ ಊರಿನಲ್ಲಿ ಕುಳಿತು ನಾನು ಅನುಭವಿಸುತ್ತೇನೆ.

ನನಗೆ ಸೋಜಿಗವೆನಿಸುವುದು ನಿಷೇಧವಲ್ಲ, ಅದನ್ನು ಜನ ಪಾಲಿಸುವ ರೀತಿ. ನಾನು ದಿನವೂ ದಾಟುವ ಚಾಕಣದ ತಳೇಗಾಂವ್ ಚೌಕದಲ್ಲಿ ಸಿಗ್ನಲ್ ಇದೆ, ಪೊಲೀಸರಿದ್ದಾರೆ. ಆದರೂ ಸಂಜೆ ಶಿಫ್ಟ್ ಬಿಟ್ಟಾಗ ಯಾರೋ ಒಬ್ಬ ಬೈಕ್ ಸವಾರ ರಾಂಗ್ ಸೈಡಿನಲ್ಲಿ ನುಗ್ಗಿದರೆ ಸಾಕು, ಎರಡೇ ನಿಮಿಷದಲ್ಲಿ ಅವನ ಹಿಂದೆ ಇಡೀ ದಂಡು. ಅಷ್ಟು ಕಣ್ಗಾವಲಿನಲ್ಲಿ ನಿಲ್ಲದ ಜನ ಇಲ್ಲಿದ್ದಾರೆ. ಅಲ್ಲಿ, 320 ಕಿಲೋಮೀಟರ್ ಕರಾವಳಿಯಲ್ಲಿ, ಸಾಲದ ಬಡ್ಡಿ ತಲೆಯ ಮೇಲಿರುವ ಸಾವಿರಾರು ಬೋಟುಗಳು ಎರಡು ತಿಂಗಳು ಗಪ್‌ಚಿಪ್ ನಿಲ್ಲುತ್ತವೆ. ಮೀನುಗಾರರು ಕಾನೂನಿಗೆ ಅಷ್ಟು ವಿಧೇಯರೇ?

ಅಲ್ಲ. ಅದೇ ಬೋಟು, ಅದೇ ತಾಂಡೇಲ, ಆಗಸ್ಟ್ ಬಂದ ಮೇಲೆ ಬೇರೆಯೇ ಮನುಷ್ಯ. ಬಲೆಯ ಕಣ್ಣು ಇಷ್ಟೇ ಇರಬೇಕು ಎಂಬ ನಿಯಮವಿದೆ, ಬಹಳ ಬೋಟುಗಳಲ್ಲಿ ಅಷ್ಟಿರುವುದಿಲ್ಲ. ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಮತ್ತು ಪ್ರಖರ ಎಲ್‌ಇಡಿ ದೀಪ ಹಾಕಿ ಮೀನು ಸೆಳೆಯುವ ಲೈಟ್ ಫಿಶಿಂಗ್ ಎರಡನ್ನೂ ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು, ರಾಜ್ಯದ ಆದೇಶವೂ ಇದೆ. ಆದರೂ ಪ್ರತಿ ವರ್ಷ ಮಲ್ಪೆಯಿಂದ ಕಾರವಾರದವರೆಗೆ ನಾಡದೋಣಿಯವರು ಲೈಟ್ ಫಿಶಿಂಗ್ ನಿಲ್ಲಿಸಿ ಎಂದು ರಸ್ತೆಗಿಳಿಯುವುದು ತಪ್ಪಿಲ್ಲ. ಒಂದು ನಿಯಮಕ್ಕೆ ತಲೆಬಾಗುವವರು ಇನ್ನೊಂದಕ್ಕೆ ಯಾಕೆ ಕಣ್ಣು ಮಿಟುಕಿಸುತ್ತಾರೆ? ಈ ಪ್ರಶ್ನೆ ಹೋದ ವರ್ಷದವರೆಗೆ ನನಗೆ ಹರಟೆಯ ವಿಷಯವಾಗಿತ್ತು. ಆಮೇಲೆ ನನ್ನ ಬ್ಯಾಂಕ್ ಖಾತೆಯ ಬಾಗಿಲಿಗೇ ಬಂತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಮಳೆಗಾಲದ ಮಾತು. ಈ ನಿಷೇಧ ಗೆದ್ದಿರುವುದು ದಂಡದ ಭಯದಿಂದಲ್ಲ. ನಮ್ಮ ಕಡೆ ಕಾನೂನು ಬರುವ ಎಷ್ಟೋ ಮೊದಲೇ ಮಳೆ ಹಿಡಿದ ಮೇಲೆ ಕಡಲಿಗೆ ಹೋಗುತ್ತಿರಲಿಲ್ಲ. ನೂಲ ಹುಣ್ಣಿಮೆಗೆ ಸಮುದ್ರಪೂಜೆ ಮಾಡಿ, ಹಾಲೆರೆದು ತೆಂಗಿನಕಾಯಿ ಬಿಟ್ಟ ಮೇಲೆಯೇ ದೋಣಿ ಇಳಿಸುವುದು. ಮಲ್ಪೆಯ ಮೊಗವೀರರು ವಡಭಾಂಡೇಶ್ವರದ ಕಡಲತೀರದಲ್ಲಿ ಮಾಡುವುದು ಇದನ್ನೇ, ಇಲ್ಲಿ ಕೊಂಕಣದ ಕೋಳಿಗಳು ನಾರಳಿ ಪೌರ್ಣಿಮೆಗೆ ಮಾಡುವುದೂ ಇದನ್ನೇ. ಸರ್ಕಾರ ಬರೆದದ್ದು ಜನ ಮೊದಲೇ ನಡೆಸಿಕೊಂಡು ಬಂದದ್ದಕ್ಕೆ ತಾರೀಖು ಹಾಕಿದಂತೆ. ಜೊತೆಗೆ ಕಡಲೇ ಪೊಲೀಸಿನ ಕೆಲಸ ಮಾಡುತ್ತದೆ. ಆಷಾಢದ ಗಾಳಿಯಲ್ಲಿ ಅಳಿವೆ ದಾಟುವುದು ಯಾರಿಗೂ ತಮಾಷೆಯಲ್ಲ, ನಿಷೇಧದ ಅವಧಿಯಲ್ಲಿ ಹೋಗಿ ಬೋಟು ಮುಳುಗಿದರೆ ವಿಮೆಯ ಹಣವೂ ಇಲ್ಲ.

ಇವೆಲ್ಲಕ್ಕಿಂತ ದೊಡ್ಡ ಸಂಗತಿ ಒಂದಿದೆ. ಜೂನ್ ತಿಂಗಳಲ್ಲಿ ಮಲ್ಪೆಗೋ ಗಂಗೊಳ್ಳಿಗೋ ಹೋಗಿ ದಕ್ಕೆಯ ಮೇಲೆ ನಿಂತು ನೋಡಿ. ಬೋಟುಗಳು ಒಂದರ ಮೈಗೆ ಒಂದು ಒತ್ತಿಕೊಂಡು ಸಾಲು ಸಾಲು ನಿಂತಿರುತ್ತವೆ. ಐಸ್ ಪ್ಲಾಂಟ್ ಬಂದ್, ಡೀಸೆಲ್ ಬಂಕ್ ಬಂದ್, ಒಡಿಶಾ, ಜಾರ್ಖಂಡ್ ಕಡೆಯ ಕಲಾಸಿಗಳು ಊರಿಗೆ ಹೋಗಿರುತ್ತಾರೆ. ಒಬ್ಬ ಕದ್ದು ಹೋಗಬೇಕೆಂದರೆ ಅಕ್ಕಪಕ್ಕದ ಹತ್ತು ಬೋಟು ಸರಿಸಬೇಕು, ಐಸ್ ಇಲ್ಲದೆ ಹೋಗಬೇಕು, ತಂದ ಮೀನನ್ನು ಖಾಲಿ ದಕ್ಕೆಯಲ್ಲಿ ಹರಾಜು ಹಾಕಬೇಕು. ಇಡೀ ಬಂದರಿಗೆ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನಾನು ನಿಂತಿರುವಾಗ ಪಕ್ಕದವನೂ ನಿಂತಿದ್ದಾನೆ ಎಂಬುದು ಕಣ್ಣಿಗೆ ಕಾಣುತ್ತದೆ. ನನ್ನ ಪಾಲಿನ ಮೀನನ್ನು ಅವನು ಹೊಡೆಯುತ್ತಿಲ್ಲ ಎಂಬ ನೆಮ್ಮದಿಯಲ್ಲಿ ನಾನು ಮನೆಯಲ್ಲಿ ಕೂತು ಬಲೆ ನೇಯಬಹುದು.

ಬಲೆಯ ಕಣ್ಣಿಗಾಗಲಿ ದೀಪಕ್ಕಾಗಲಿ ಈ ಸೌಲಭ್ಯ ಇಲ್ಲ. ಅದು ನಡೆಯುವುದು ರಾತ್ರಿ, ದಡದಿಂದ ದೂರದ ನೀರಿನಲ್ಲಿ. ಅಲ್ಲಿ ಪ್ರತಿಯೊಬ್ಬನೂ ಒಬ್ಬಂಟಿ. ದೂರದಲ್ಲಿ ಒಂದು ಬೆಳಕು ಕಂಡರೆ ಸಾಕು, ಇವನ ಲೆಕ್ಕಾಚಾರ ಶುರು.

ನನ್ನ ಸಹೋದ್ಯೋಗಿಯೊಬ್ಬರು ಮಾಲವಣದವರು. ಸಿಂಧುದುರ್ಗದ ಕಡಲಲ್ಲಿ ಕರ್ನಾಟಕದ ಬೋಟು ಸಿಕ್ಕಿಬಿದ್ದ ಸುದ್ದಿ ಮರಾಠಿ ಪತ್ರಿಕೆಯಲ್ಲಿ ಬಂದ ದಿನ ಕ್ಯಾಂಟೀನಿನಲ್ಲಿ ನನ್ನ ಟೇಬಲ್ಲಿಗೇ ಬಂದು ಕೂರುತ್ತಾರೆ. "ಕಾಯ್ ಹೋ, ತುಮ್ಚೆ ಮಲ್ಪೀವಾಲೆ ಪುನ್ಹಾ ಆಲೇ" — ನಿಮ್ಮ ಮಲ್ಪೆಯವರು ಮತ್ತೆ ಬಂದರು. ಮಾಲವಣ, ದೇವಗಡದ ಚಿಕ್ಕ ದೋಣಿಯವರಿಗೆ 'ಮಲ್ಪಿ' ಎಂದರೆ ಊರಿನ ಹೆಸರಲ್ಲ, ವೇಗವಾಗಿ ಬಂದು ಬಲೆ ಹರಿದು ಹೋಗುವ ದೊಡ್ಡ ಟ್ರಾಲರ್‌ನ ಹೆಸರು. ಊರಿನಲ್ಲಿ ನೂಲ ಹುಣ್ಣಿಮೆಗೆ ಕೈಮುಗಿಯುವ ನಮ್ಮವರೇ ಇಲ್ಲಿಯವರ ಬಾಯಲ್ಲಿ ಕಳ್ಳರು. ಕೇಳಲು ಕಷ್ಟ, ಆದರೆ ಅಲ್ಲಗಳೆಯಲೂ ಆಗದು. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗಿನ ನೀರು ಆಯಾ ರಾಜ್ಯದ್ದು. ಊರಿನ ದಕ್ಕೆಯಲ್ಲಿ ನಾಳೆ ಮುಖ ನೋಡಬೇಕಾದವರ ಎದುರು ಇರುವ ಸಂಕೋಚ ಗಡಿ ದಾಟಿದ ಮೇಲೆ ತೆಳುವಾಗುತ್ತದೆ. ನಾವೂ ಅಷ್ಟೇ ಅಲ್ಲವೇ, ಊರಿನಲ್ಲಿ ಗುರುತಿನವರು ನೋಡಿಯಾರು ಎಂದು ಮಾಡದಿದ್ದ ಎಷ್ಟನ್ನು ಪರವೂರಿಗೆ ಬಂದು ಮಾಡುವುದಿಲ್ಲ!

ಈಗ ಬ್ಯಾಂಕ್ ಖಾತೆಯ ವಿಷಯ. ನನ್ನ ಬಾಲ್ಯದ ಗೆಳೆಯನೊಬ್ಬ ಮಲ್ಪೆಯಿಂದ ಹೊರಡುವ ಒಂದು ಪರ್ಸಿನ್ ಬೋಟಿನ ತಾಂಡೇಲ, ಅದರಲ್ಲಿ ಪಾಲುದಾರನೂ ಹೌದು. ಇಬ್ಬರೂ ಒಂದೇ ಬೆಂಚಿನವರು. ನಾನು ಸುರತ್ಕಲ್‌ಗೆ ಎಂಟೆಕ್ ಮಾಡಲು ಹೋದ ವರ್ಷ ಅವನು ಪೂರ್ಣಾವಧಿಗೆ ಕಡಲಿಗೆ ಹೋದ. ಒಂದು ರಾತ್ರಿ ಫೋನ್ ಮಾಡಿ, ಪಾಲುದಾರರು ಸೇರಿ ಬೋಟಿಗೆ ಜನರೇಟರ್ ಮತ್ತು ಲೈಟ್ ಕೂರಿಸುವ ಯೋಚನೆಯಲ್ಲಿದ್ದೇವೆ, ನೀನು ಎರಡು ಲಕ್ಷ ಹಾಕಿದರೆ ನಿನಗೂ ಒಂದು ಪಾಲು ಎಂದ. ಸಂಬಳದವನಿಗೆ ಇಂಥ ಫೋನ್ ಹೊಸದಲ್ಲ. ಪರಊರಿನಲ್ಲಿ ದುಡಿಯುವ ಯಾವ ಕನ್ನಡಿಗನಿಗೂ ಬರುತ್ತಿರುತ್ತದೆ. ಆದರೆ ಇದು ಟ್ರ್ಯಾಕ್ಟರಿಗೋ ಮದುವೆಗೋ ಅಲ್ಲ, ನಿಷೇಧಿಸಿದ ಸಾಧನಕ್ಕೆ. ಹಾಗೆಂದೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ತಣ್ಣಗೆ ಹೇಳಿದ:

"ಗೊತ್ತಿತ್ತ್ ಮಾರಾಯ. ನಾನೊಬ್ನೇ ಬಿಟ್ರೆ ಎಂತ ಆತ್ತ್? ಆ ಮೀನ್ ಸಮುದ್ರದಗೆ ಉಳೂದಿಲ್ಲ, ಪಕ್ಕದ್ ಬೋಟ್ನರ್ ಹಿಡ್ಕಂಡ್ ಹೋತ್ರ್. ಎಲ್ರೂ ಬಿಟ್ರೆ ನಾನೂ ಬಿಡ್ತೆ."

ಅವನ ಪರಿಸ್ಥಿತಿ ನೋಡಿ. ಪರ್ಸಿನ್ ಬೋಟೆಂದರೆ 25–30 ಜನರ ಸಂಸಾರ. ಹೊರಟರೆ ಡೀಸೆಲ್, ಐಸ್, ಅಕ್ಕಿ, ತರಕಾರಿ ಎಲ್ಲದರ ಖರ್ಚು ಮೊದಲೇ ಆಗಿರುತ್ತದೆ. ಹಗಲು ಮೀನಿನ ಹಿಂಡು ಹುಡುಕಿಕೊಂಡು ತಿರುಗಿದರೆ ಡೀಸೆಲ್ ಸುಡುತ್ತದೆ, ಸಿಕ್ಕೀತೆಂಬ ಖಾತ್ರಿ ಇಲ್ಲ. ದೀಪ ಹಾಕಿದರೆ ಲೆಕ್ಕವೇ ತಿರುಗಿತು. ಬೋಟು ಒಂದೇ ಕಡೆ ನಿಂತಿರುತ್ತದೆ, ಬೆಳಕಿಗೆ ಸಣ್ಣ ಜೀವಿಗಳು ಬರುತ್ತವೆ, ಅವುಗಳ ಹಿಂದೆ ಮೀನು, ಬೊಂಡಾಸ್ ಎಲ್ಲ ಬರುತ್ತವೆ, ಸುತ್ತ ಬಲೆ ಬೀಸಿ ಕೆಳಗಿನ ಹಗ್ಗ ಎಳೆದರೆ ಚೀಲದ ಬಾಯಿ ಕಟ್ಟಿದಂತೆ. ದೊಡ್ಡದು ಚಿಕ್ಕದು ಎಂಬ ಭೇದವಿಲ್ಲ. ಅದೇ ರಾತ್ರಿ ಅದೇ ಗೆಳೆಯನ ಚಿಕ್ಕಪ್ಪ ದಡದ ಹತ್ತಿರ ನಾಡದೋಣಿಯಲ್ಲಿ ಬಲೆ ಬಿಟ್ಟು, ಮೀನು ಬಂದು ಸಿಲುಕಲಿ ಎಂದು ಕಾಯುತ್ತಿರುತ್ತಾರೆ. ಹೊರಗೆ ಬೆಳಕು ಸೆಳೆದುಕೊಂಡದ್ದು ಒಳಗೆ ಬಾರದು. ಲೈಟ್ ಫಿಶಿಂಗ್ ವಿರುದ್ಧದ ಧರಣಿಯಲ್ಲಿ ಆ ಚಿಕ್ಕಪ್ಪನೂ ಕೂತಿದ್ದರು. ಹಬ್ಬಕ್ಕೆ ಇಬ್ಬರೂ ಒಂದೇ ಮನೆಯಲ್ಲಿ ಊಟಕ್ಕೆ ಕೂರುತ್ತಾರೆ, ಆ ದಿನ ಯಾರೂ ಮೀನಿನ ವಿಷಯ ಎತ್ತುವುದಿಲ್ಲವಂತೆ.

ಅರ್ಥಶಾಸ್ತ್ರದಲ್ಲಿ ಇದಕ್ಕೊಂದು ಹಳೆಯ ಸೂತ್ರವಿದೆ. ಅಮೆರಿಕದ ಗ್ಯಾರಿ ಬೆಕರ್ 1968ರಲ್ಲಿ ಬರೆದದ್ದು: ತಪ್ಪು ಮಾಡುವವನು ಸಿಗುವ ಲಾಭವನ್ನು, ಸಿಕ್ಕಿಬೀಳುವ ಸಾಧ್ಯತೆ ಗುಣಿಸು ಶಿಕ್ಷೆ ಎಂಬುದರ ಜೊತೆ ತೂಗಿ ನೋಡುತ್ತಾನೆ. ನೂರು ಸಲ ಹೋದರೆ ಒಮ್ಮೆ ಸಿಕ್ಕಿಬೀಳುತ್ತಾನೆ, ದಂಡ ಒಂದು ಲಕ್ಷ ಎಂದಿಟ್ಟುಕೊಳ್ಳಿ. ಒಂದು ಸಲಕ್ಕೆ ದಂಡದ ಸರಾಸರಿ ಹೊರೆ ಒಂದು ಸಾವಿರ. ಒಳ್ಳೆಯ ರಾತ್ರಿಯ ಹಿಡಿತದ ಎದುರು ಸಾವಿರ ರೂಪಾಯಿ ಯಾವ ಲೆಕ್ಕ? ಅದನ್ನು ಚೆಕ್‌ಪೋಸ್ಟ್ ಖರ್ಚಿನಂತೆ ಬರೆದುಕೊಳ್ಳಬಹುದು. ಮಹಾರಾಷ್ಟ್ರ 2021ರಲ್ಲಿ ತನ್ನ 1981ರ ಕಾಯ್ದೆಗೆ ತಿದ್ದುಪಡಿ ತಂದು ದಂಡವನ್ನು ಹಲವು ಲಕ್ಷಕ್ಕೆ ಏರಿಸಿದ್ದು ಈ ಲೆಕ್ಕದ ಒಂದು ಕಡೆಯನ್ನು ಸರಿಪಡಿಸಲು. ಇನ್ನೊಂದು ಕಡೆ, ಅಂದರೆ ಸಿಕ್ಕಿಬೀಳುವ ಸಾಧ್ಯತೆ, ಕಡಲಿನಷ್ಟೇ ಅಗಲವಾಗಿ ಉಳಿದಿದೆ.

ಓದಿದವರು ಹೀಗೆ ಮಾಡುವುದಿಲ್ಲ, ಮೀನುಗಾರರಿಗೆ ತಿಳಿವಳಿಕೆ ಕೊಡಬೇಕು ಎಂದು ಹೇಳುವವರು ಬಹಳ ಜನ. ಚಾಕಣದಲ್ಲಿ ಕುಳಿತು ಆ ಮಾತು ಹೇಳಲು ನನಗೆ ಬಾಯಿ ಬರುವುದಿಲ್ಲ. ಇಲ್ಲಿ ದೊಡ್ಡ ಕಾರ್ಖಾನೆ ಇರುವ ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಹಗರಣ 2015ರಲ್ಲಿ ಅಮೆರಿಕದಲ್ಲಿ ಬಯಲಾಯಿತು. ಕಾರು ಪರೀಕ್ಷಾ ಯಂತ್ರದ ಮೇಲಿದೆಯೋ ರಸ್ತೆಯಲ್ಲಿದೆಯೋ ಎಂದು ಗುರುತಿಸಿ, ಪರೀಕ್ಷೆಯಲ್ಲಿ ಮಾತ್ರ ಹೊಗೆ ಕಡಿಮೆ ಬಿಡುವಂತೆ ಸಾಫ್ಟ್‌ವೇರ್ ಬರೆದಿದ್ದರು. ಬರೆದವರು ನನ್ನಂಥ ಇಂಜಿನಿಯರುಗಳೇ, ನನಗಿಂತ ಹೆಚ್ಚು ಓದಿದವರು. ಭಾರತದಲ್ಲೂ ಕಂಪನಿ ಅದೇ ವರ್ಷದ ಡಿಸೆಂಬರ್‌ನಲ್ಲಿ 3.23 ಲಕ್ಷ ಕಾರುಗಳನ್ನು ಸರಿಪಡಿಸಲು ವಾಪಸ್ ಕರೆಯಿತು. ಸಣ್ಣ ಕಣ್ಣಿನ ಬಲೆ ಹಾಕಿದ ತಾಂಡೇಲನಿಗೂ ಆ ಸಾಫ್ಟ್‌ವೇರ್ ಬರೆದವರಿಗೂ ತಿಳಿವಳಿಕೆಯ ಕೊರತೆ ಇರಲಿಲ್ಲ. ನಮ್ಮ ಎಂಐಡಿಸಿಯಲ್ಲೂ ಕಂಪನಿಯ ಗೇಟಿಗೆ ಇನ್ನೂರು ಮೀಟರ್ ಇರುವಾಗ ಬೈಕಿನ ಕನ್ನಡಿಯಲ್ಲಿ ತೂಗುತ್ತಿದ್ದ ಹೆಲ್ಮೆಟ್ ತಲೆಗೆ ಏರುತ್ತದೆ. ಗೇಟ್ ಇದ್ದಲ್ಲಿ ನಿಯಮ.

ಬಲೆಯ ಕಣ್ಣಿನ ಕಥೆ ಇನ್ನೂ ಸ್ವಾರಸ್ಯಕರ. ಟ್ರಾಲ್ ಬಲೆಯ ತುದಿಯಲ್ಲಿ ಮೀನು ಬಂದು ಸೇರುವ ಚೀಲ ಇರುತ್ತದಲ್ಲ, ಅದರ ಕಣ್ಣು ದೊಡ್ಡದಿದ್ದರೆ ಮರಿಮೀನು ತಪ್ಪಿಸಿಕೊಳ್ಳುತ್ತದೆ ಎಂಬುದು ನಿಯಮದ ಹಿಂದಿನ ಯೋಚನೆ. ಆದರೆ ಚಾಕಣದ ಮಾರ್ಕೆಟ್ ಯಾರ್ಡಿಗೆ ಬಂದು ಒಂದು ಖಾಲಿ ಈರುಳ್ಳಿ ಚೀಲವನ್ನು ಎರಡು ಕೈಯಲ್ಲಿ ಹಿಡಿದು ಉದ್ದಕ್ಕೆ ಎಳೆದು ನೋಡಿ. ತೂತುಗಳು ಮುಚ್ಚಿಕೊಳ್ಳುತ್ತವೆ. ಶಂಕರಪೋಳಿಯ ಆಕಾರದ ಕಣ್ಣಿನ ಬಲೆಗೂ ಅದೇ ಗತಿ. ಬೋಟು ಎಳೆದಾಗ, ಒಳಗೆ ಮೀನಿನ ಭಾರ ಬಿದ್ದಾಗ ಕಣ್ಣು ಸೀಳಾಗುತ್ತದೆ. ಅಳತೆಪಟ್ಟಿಯಲ್ಲಿ ನಿಯಮದಷ್ಟೇ ಇದ್ದರೂ ನೀರಿನಲ್ಲಿ ಇಲ್ಲ. ಅದಕ್ಕಾಗಿಯೇ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಚೌಕ ಕಣ್ಣಿನ ಚೀಲವನ್ನು ಪ್ರಚಾರ ಮಾಡುತ್ತಾ ಬಂದಿದ್ದಾರೆ. ಎಳೆದರೂ ಚೌಕ ಚೌಕವಾಗಿಯೇ ಉಳಿಯುತ್ತದೆ. ಗುಜರಾತ್ 2003ರ ಕಾಯ್ದೆಯಲ್ಲಿ 40 ಮಿಲಿಮೀಟರ್ ಚೌಕ ಕಣ್ಣನ್ನು ಬರೆದೇಬಿಟ್ಟಿತು. ಬಲೆ ಬದಲಿಸುವ ಖರ್ಚು ದೊಡ್ಡದೇನಲ್ಲ, ನೀರಿನ ಎಳೆತ ಕಡಿಮೆಯಾಗಿ ಡೀಸೆಲ್ ಕೂಡ ಸ್ವಲ್ಪ ಉಳಿಯುತ್ತದೆ ಎನ್ನುತ್ತಾರೆ. ಆದರೂ ಬಳಕೆಗೆ ಬಂದದ್ದು ಕಡಿಮೆ. ಬಂದಲ್ಲಿಯೂ ಒಳಗೊಂದು ಸಣ್ಣ ಕಣ್ಣಿನ ಬಲೆ ಹಾಕಿಕೊಳ್ಳುವುದು ಪ್ರಪಂಚದ ಎಲ್ಲ ಬಂದರುಗಳಿಗೂ ಗೊತ್ತಿರುವ ಉಪಾಯ.

ಯಾಕೆ? ಮರಿಮೀನಿಗೆ ಈಗ ಬೆಲೆ ಇದೆ. ನಾನು ಚಿಕ್ಕವನಿದ್ದಾಗ ತೀರಾ ಸಣ್ಣದು, ತಿನ್ನಲಾಗದ್ದು ಬಂದರೆ ಒಣಗಿಸಿ ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಈಗ ಅದನ್ನು ಲಾರಿಯಲ್ಲಿ ತುಂಬಿಕೊಳ್ಳಲು ಕರಾವಳಿಯ ಫಿಶ್‌ಮೀಲ್ ಕಾರ್ಖಾನೆಗಳು ತಯಾರಾಗಿವೆ. ಕೋಳಿಗೆ, ಸಾಕಿದ ಸಿಗಡಿಗೆ ಅದು ಆಹಾರ. ಮೀನು ಕಡಿಮೆಯಾದ ದಿನ ಡೀಸೆಲ್ ಖರ್ಚು ಹುಟ್ಟಿಸುವುದು ಇದೇ ಮಾಲು. ಕಣ್ಣು ದೊಡ್ಡದು ಮಾಡು ಎನ್ನುವ ಕಾನೂನು ಒಂದು ಕಿವಿಯಲ್ಲಿ, ಕಿಲೋಗೆ ಇಷ್ಟು ಕೊಡುತ್ತೇನೆ ಎನ್ನುವ ಏಜೆಂಟ್ ಇನ್ನೊಂದು ಕಿವಿಯಲ್ಲಿ. ಯಾವುದು ಜೋರಾಗಿ ಕೇಳಿಸುತ್ತದೆ ಎಂದು ಹೇಳಬೇಕಿಲ್ಲ.

ಕೇರಳ ಇಲ್ಲಿ ಸ್ವಲ್ಪ ಬುದ್ಧಿವಂತಿಕೆ ತೋರಿಸಿದೆ. ಕಡಲಲ್ಲಿ ಬಲೆ ಅಳೆಯುವುದರ ಜೊತೆಗೆ ದಕ್ಕೆಯಲ್ಲಿ ಮೀನನ್ನೇ ಅಳೆಯಲು ಶುರು ಮಾಡಿತು. 2015ರಲ್ಲಿ 14 ಜಾತಿಗಳಿಗೆ, ಆಮೇಲೆ ಒಟ್ಟು 58 ಜಾತಿಗಳಿಗೆ ಕನಿಷ್ಠ ಉದ್ದ ನಿಗದಿಯಾಯಿತು. ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14 ಸೆಂಟಿಮೀಟರ್. ಅದಕ್ಕಿಂತ ಸಣ್ಣದು ದಕ್ಕೆಗೆ ಬಂದರೆ ಜಪ್ತಿ. ಅಲ್ಲಿ ಎಲ್ಲವೂ ಸರಿಹೋಗಿದೆ ಎಂದಲ್ಲ. ಆದರೆ ರಾತ್ರಿಯ ಕಡಲಿಗಿಂತ ಹಗಲಿನ ದಕ್ಕೆ ಕಾಯಲು ಸುಲಭ ಎಂಬುದು ಅವರಿಗೆ ಹೊಳೆದಿದೆ. ಅಲ್ಲಿ ನೋಡುವವರು ಅಧಿಕಾರಿ ಮಾತ್ರವಲ್ಲ, ಪಕ್ಕದ ಬೋಟಿನವನೂ ನೋಡುತ್ತಾನೆ.

ಗೆಳೆಯನ ಮಾತಿನಲ್ಲಿ ಇನ್ನೊಂದು ಎಳೆ ಇತ್ತು, ಅದನ್ನು ನಾನು ತಳ್ಳಿಹಾಕಲಾರೆ. "ಇದೆಲ್ಲ ತಂದ್ ಕೊಟ್ಟವ್ರ್ ಯಾರ್?" ಎಂದು ಕೇಳಿದ. ನಿಜವೇ. 1952ರಲ್ಲಿ ಒಪ್ಪಂದವಾದ ಇಂಡೋ–ನಾರ್ವೇಜಿಯನ್ ಯೋಜನೆ ಕೇರಳದ ನೀಂಡಕರದಲ್ಲಿ ಯಾಂತ್ರಿಕ ಬೋಟುಗಳನ್ನು ತಂದಿತು, 60ರ ದಶಕದಲ್ಲಿ ಕಾರವಾರಕ್ಕೂ ಬಂತು. ಟ್ರಾಲಿಂಗ್ ಕಲಿಸಿದ್ದು, ಸಾಲ ಸಬ್ಸಿಡಿ ಕೊಟ್ಟಿದ್ದು ಸರ್ಕಾರ. ಆ ಕಾಲದಲ್ಲಿ ನಮ್ಮ ಕಡಲತೀರದ ರಾಜ ರಾಂಪಣಿ. ಇಡೀ ಊರೇ ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ, ಬಂದ ಮೀನಿನಲ್ಲಿ ಎಳೆದವರಿಗೆಲ್ಲ ಪಾಲು. 70ರ ದಶಕದ ಮಧ್ಯದಲ್ಲಿ ಪರ್ಸಿನ್ ಬೋಟು ಬಂದು ಬೂತಾಯಿ ಬಂಗುಡೆಯನ್ನು ದಡಕ್ಕೆ ಬರುವ ಮೊದಲೇ ಸುತ್ತುವರಿಯಿತು. ಕೆಲವೇ ವರ್ಷಗಳಲ್ಲಿ ರಾಂಪಣಿ ಮೂಲೆ ಸೇರಿತು. ಜಗಳಗಳಾದವು, ಗಲಾಟೆಯಾಯಿತು, ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದದ್ದು 1986ರಲ್ಲಿ. ಅಷ್ಟರಲ್ಲಿ ರಾಂಪಣಿ ಎಳೆಯುತ್ತಿದ್ದವರ ಮಕ್ಕಳು ಪರ್ಸಿನ್ ಬೋಟು ಏರಿಯಾಗಿತ್ತು. ನನ್ನ ಗೆಳೆಯನ ಅಪ್ಪಯ್ಯ ಅವರಲ್ಲೊಬ್ಬರು. "ಆಗ ನಮ್ಮ ಬಲಿ ಹೋಯ್ತ್, ಆಗ ಯಾವ ಕಾನೂನೂ ಬರ್ಲಿಲ್ಲ. ಈಗ ನಾವ್ ಲೈಟ್ ಹಾಕ್ರೆ ಕಾನೂನ್" — ಅವನ ಪ್ರಕಾರ ನಿಯಮ ಎಂಬುದು ಆಯಾ ಕಾಲಕ್ಕೆ ಗೆದ್ದವರು ಬರೆಯುವ ಕಾಗದ.

ಹೀಗೆ ಅನಿಸಿಬಿಟ್ಟರೆ ದಂಡ ಎಷ್ಟು ಹೆಚ್ಚಿಸಿದರೂ ಕಷ್ಟ. ಕುಪೆರನ್ ಮತ್ತು ಸುಟಿನೆನ್ ಎಂಬ ಇಬ್ಬರು ಸಂಶೋಧಕರು ಮಲೇಷ್ಯಾದ ಮೀನುಗಾರರನ್ನು ಮಾತಾಡಿಸಿ, ದೊಡ್ಡ ಬೋಟುಗಳು ದಡದ ಹತ್ತಿರದ ನೀರಿಗೆ ಬರಬಾರದು ಎಂಬ ನಿಯಮವನ್ನು ಯಾರು ಯಾಕೆ ಪಾಲಿಸುತ್ತಾರೆ ಎಂದು 1998ರಲ್ಲಿ ಬರೆದರು. ಸಿಕ್ಕಿಬೀಳುವ ಭಯಕ್ಕೆ ಪಾತ್ರವಿತ್ತು, ಆದರೆ ಅದೊಂದೇ ಅಲ್ಲ. ನಿಯಮ ನ್ಯಾಯವಾದದ್ದೋ, ಅದನ್ನು ಮಾಡಿದವರು ನಮ್ಮ ಮಾತು ಕೇಳಿದರೋ ಎಂಬುದಕ್ಕೂ ತೂಕವಿತ್ತು. ನಮ್ಮಲ್ಲಿ ಇನ್ನೊಂದು ಸಂಶಯವೂ ಸೇರಿಕೊಳ್ಳುತ್ತದೆ: ಮೀನು ಕಡಿಮೆಯಾಗಲು ನನ್ನ ದೀಪವೇ ಕಾರಣವೇ? ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಬಂದಿತ್ತು, 2021ರಲ್ಲಿ ಬಂದದ್ದು 3,297 ಟನ್. ವಿಜ್ಞಾನಿಗಳೇ ಎಲ್ ನಿನೊ, ಸಮುದ್ರದ ಬಿಸಿ ಎಂಬ ಕಾರಣಗಳನ್ನೂ ಮರಿಮೀನು ಹಿಡಿದದ್ದನ್ನೂ ಒಟ್ಟಿಗೆ ಹೇಳುತ್ತಾರೆ. ಅದರಲ್ಲಿ ತನಗೆ ಬೇಕಾದ ಅರ್ಧವನ್ನು ಮಾತ್ರ ಕೇಳಿಸಿಕೊಳ್ಳುವುದು ಮೀನುಗಾರನೊಬ್ಬನ ದೌರ್ಬಲ್ಯವಲ್ಲ.

ನಾನು ಸಾಫ್ಟ್‌ವೇರಿನವನೆಂದು ಗೊತ್ತಾದ ಮೇಲೆ ಊರಿನಲ್ಲಿ ಕೇಳುವ ಪ್ರಶ್ನೆ ಬೇರೆ. ಬೋಟುಗಳಿಗೆ ಇಸ್ರೊ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ ಕೂರಿಸುವ ಯೋಜನೆಗೆ 2024ರ ಆಗಸ್ಟ್ 30ರಂದು ಪ್ರಧಾನಿ ಇಲ್ಲಿಯ ಪಾಲಘರ್‌ನಲ್ಲಿ ಚಾಲನೆ ಕೊಟ್ಟರು. ದೇಶದಾದ್ಯಂತ 1 ಲಕ್ಷ ಬೋಟುಗಳ ಗುರಿ. ಅಪಾಯದಲ್ಲಿದ್ದಾಗ ಸಂದೇಶ ಕಳಿಸಬಹುದು, ಚಂಡಮಾರುತದ ಮುನ್ಸೂಚನೆ ಬರುತ್ತದೆ, ಗಡಿ ಹತ್ತಿರವಾದರೆ ಎಚ್ಚರಿಸುತ್ತದೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು 7 ಜನರೊಂದಿಗೆ ಕಾಣೆಯಾಗಿ, ಅವಶೇಷ ತಿಂಗಳುಗಳ ನಂತರ ಇದೇ ಮಹಾರಾಷ್ಟ್ರದ ಮಾಲವಣದ ಕಡೆ ಸಿಕ್ಕಿದ್ದನ್ನು ನೆನೆದವರಿಗೆ ಇದರ ಬೆಲೆ ಗೊತ್ತು. ಆದರೆ ದಕ್ಕೆಯಲ್ಲಿ ನನ್ನನ್ನು ಮೊದಲು ಕೇಳಿದ್ದು, "ಅದನ್ನ್ ಆಫ್ ಮಾಡುಕೆ ಆತ್ತಾ?" ಎಂದು.

ಆಫ್ ಮಾಡಬಹುದೋ ಇಲ್ಲವೋ ಎಂಬುದಕ್ಕಿಂತ ನನಗೆ ಬೇರೆ ಮಾತು ಮುಖ್ಯವೆನಿಸುತ್ತದೆ. ಬೋಟು ಎಲ್ಲಿದೆ ಎಂದು ಟ್ರಾನ್ಸ್‌ಪಾಂಡರ್ ಹೇಳೀತು, ಯಾವ ಬಲೆ ಇಳಿಸಿದೆ ಎಂದು ಹೇಳದು. ವೇಗ, ತಿರುವು ನೋಡಿ ಊಹಿಸಬಹುದು. ಟ್ರಾಲ್ ಎಳೆಯುವ ಬೋಟು ನಿಧಾನವಾಗಿ ನೇರ ಹೋಗುತ್ತದೆ, ಪರ್ಸಿನ್ ಸುತ್ತು ಹಾಕುತ್ತದೆ. ದೀಪಕ್ಕಂತೂ ಬೋಟಿನ ಮೇಲೆ ಯಂತ್ರವೇ ಬೇಡ. ಸುವೋಮಿ ಎನ್‌ಪಿಪಿ ಎಂಬ ಅಮೆರಿಕದ ಉಪಗ್ರಹ 800 ಕಿಲೋಮೀಟರ್‌ಗೂ ಎತ್ತರದಿಂದ ರಾತ್ರಿಯ ಕಡಲಲ್ಲಿ ದೀಪ ಹಾಕಿದ ಬೋಟುಗಳನ್ನು ಎಣಿಸುತ್ತದೆ, ಇಂಡೊನೇಷ್ಯಾ ಮತ್ತು ಫಿಲಿಪೀನ್ಸ್ ಆ ಮಾಹಿತಿಯನ್ನು ಬಳಸಿಕೊಂಡಿವೆ. ಮಹಾರಾಷ್ಟ್ರ 2025ರ ಜನವರಿಯಿಂದ ಡ್ರೋನ್ ಹಾರಿಸುತ್ತಿದೆ. ಅಂದರೆ ಕಾಣುವುದಿಲ್ಲ ಎಂಬ ನೆಪ ಮುಗಿದಿದೆ. ಕಂಡ ಮೇಲೆ ಏನು ಮಾಡುತ್ತಾರೆ ಎಂಬುದಷ್ಟೇ ಉಳಿದದ್ದು. ಬೋಟು ಹಿಡಿದ ಅರ್ಧ ಗಂಟೆಯಲ್ಲಿ ಯಾರಿಂದ ಯಾರಿಗೆ ಫೋನ್ ಹೋಗುತ್ತದೆ ಎಂಬುದನ್ನು ಯಾವ ಉಪಗ್ರಹವೂ ತೋರಿಸದು.

ಎಲಿನರ್ ಆಸ್ಟ್ರಮ್ ಎಂಬ ಅರ್ಥಶಾಸ್ತ್ರಜ್ಞೆ (2009ರಲ್ಲಿ ನೊಬೆಲ್ ಬಂತು) ಟರ್ಕಿಯ ಅಲಾನ್ಯಾ ಎಂಬ ಊರಿನ ಕಥೆ ಹೇಳುತ್ತಾರೆ. ಅಲ್ಲಿ ಸುಮಾರು ನೂರು ಜನ ಮೀನುಗಾರರು. ಒಳ್ಳೆಯ ಜಾಗಕ್ಕಾಗಿ ಹೊಡೆದಾಟವಾಗುತ್ತಿತ್ತು. ಕೊನೆಗೆ ತಾವೇ ಜಾಗಗಳ ಪಟ್ಟಿ ಮಾಡಿಕೊಂಡರು. ಪ್ರತಿ ಸೆಪ್ಟೆಂಬರ್‌ನಲ್ಲಿ ಚೀಟಿ ಎತ್ತುತ್ತಾರೆ. ಜನವರಿಯವರೆಗೆ ಪ್ರತಿಯೊಬ್ಬನೂ ದಿನಕ್ಕೊಂದು ಜಾಗದಂತೆ ಪೂರ್ವಕ್ಕೆ ಸರಿಯುತ್ತಾನೆ, ಆಮೇಲೆ ಪಶ್ಚಿಮಕ್ಕೆ. ಯಾರಾದರೂ ಮೋಸ ಮಾಡಿದರೆ ಅಂದು ಆ ಜಾಗ ಯಾರದ್ದೋ ಅವನೇ ಬೆಳಗ್ಗೆ ಬಂದು ನೋಡುತ್ತಾನೆ. ಕಾವಲುಗಾರನಿಗೆ ಬೇರೆ ಸಂಬಳ ಬೇಡ. ಇದನ್ನು ಮಲ್ಪೆಗೆ ಹಾಗೆಯೇ ತಂದು ಕೂರಿಸಲಾಗದು, ನೂರು ದೋಣಿಗೂ ಸಾವಿರಾರು ಬೋಟಿಗೂ ವ್ಯತ್ಯಾಸವಿದೆ, ಬಂದರಿನಲ್ಲಿ ಒಂದೇ ಊರಿನವರೂ ಇಲ್ಲ. ಆದರೂ ನಮ್ಮ ಬಂದರುಗಳಲ್ಲಿ ಟ್ರಾಲ್ ಬೋಟಿನವರ ಸಂಘವಿದೆ, ಪರ್ಸಿನ್‌ನವರ ಸಂಘವಿದೆ, ನಾಡದೋಣಿಯವರ ಸಂಘವಿದೆ. ಹಬ್ಬಕ್ಕೆ, ಸಾವಿಗೆ, ಬೋಟು ಮುಳುಗಿದಾಗ ಹುಡುಕಲು ಇವರೆಲ್ಲ ಒಂದೇ ದಿನದಲ್ಲಿ ಸೇರುತ್ತಾರೆ. ದೀಪದ ವಿಷಯಕ್ಕೆ ಮಾತ್ರ ಬೆಂಗಳೂರಿನ ಮಂತ್ರಿಯ ಕೋಣೆಯಲ್ಲಿ ಎದುರುಬದುರು ಕೂರುತ್ತಾರೆ.

ಸರ್ಕಾರದ ಕೈಯಲ್ಲಿ ಒಂದು ಕೀಲಿಯೂ ಇದೆ: ಯಾಂತ್ರಿಕ ಬೋಟುಗಳಿಗೆ ಕೊಡುವ ಕರರಹಿತ ಡೀಸೆಲ್. ಕೋರ್ಟು, ನೋಟಿಸು, ದಂಡಕ್ಕಿಂತ ಬೇಗ ತಟ್ಟುವುದು ಅದು. ಒಂದು ಬೋಟು ದೀಪ ಹಾಕಿ ಸಿಕ್ಕಿಬಿದ್ದರೆ ಆ ಬಂದರಿನ ಎಲ್ಲ ಪರ್ಸಿನ್ ಬೋಟುಗಳ ಡೀಸೆಲ್ ಒಂದು ವಾರ ನಿಲ್ಲುತ್ತದೆ ಎಂದಾದರೆ ಏನಾಗುತ್ತದೆ ಎಂದು ಗೆಳೆಯನನ್ನು ಕೇಳಿದೆ. ತಪ್ಪು ಮಾಡದವನಿಗೂ ಶಿಕ್ಷೆ, ಅದು ನ್ಯಾಯವಲ್ಲ ಎಂದು ಗೊತ್ತಿದ್ದೇ ಕೇಳಿದ್ದು. ಅವನು ನಕ್ಕ. "ಆಗ ಇಲಾಖೆಯವ್ರ್ ಬಪ್ಪುದೇ ಬ್ಯಾಡ, ನಾವೇ ಹೋಯಿ ಲೈಟ್ ಒಡೀತ್" ಎಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗೆ ಮಾಡುವುದಾದರೆ ಮೊದಲು ಎಲ್ಲ ಬೋಟಿನ ಜನರೇಟರನ್ನೂ ಒಂದೇ ದಿನ ಇಳಿಸಬೇಕು, ಒಬ್ಬರದ್ದು ಇಂದು ಒಬ್ಬರದ್ದು ನಾಳೆ ಎಂದರೆ ಆಗದು ಎಂದ. ಅದು ಅವನೇ ಹೇಳಿದ್ದು, ನಾನು ಹೇಳಿಕೊಟ್ಟದ್ದಲ್ಲ.

ಎರಡು ಲಕ್ಷದ ಮಾತಿಗೆ ಬರುತ್ತೇನೆ. ದೀಪಕ್ಕೆ ಕೊಡುವುದಿಲ್ಲ ಎಂದೆ. ಬಲೆ ಹಳೆಯದಾಗಿದೆ ಎಂದು ಮೊದಲೇ ಹೇಳಿದ್ದ, ಅದನ್ನು ಬದಲಿಸುವುದಾದರೆ ಕೊಡುತ್ತೇನೆ, ಬಡ್ಡಿ ಬೇಡ ಎಂದೆ. "ಹಂಗಾರ್ ನೀನ್ ಪಾಲ್ದಾರ ಅಲ್ಲ, ಸಾಲ ಕೊಟ್ಟವ" ಎಂದು ಹಂಗಿಸಿದ. ಇನ್ನುಳಿದ ಪಾಲುದಾರರು ಇನ್ನೂ ಒಟ್ಟಿಗೆ ಕೂತು ಮಾತಾಡಿಲ್ಲವಂತೆ. ಪಕ್ಕದಲ್ಲಿ ಕಟ್ಟಿದ ಬೋಟಿನವರು ಈ ಮಳೆಗಾಲದಲ್ಲಿ ಹೊಸ ಜನರೇಟರ್ ತಂದಿದ್ದಾರೆಯೇ ಎಂದು ಅವನು ದಿನಾ ದಕ್ಕೆಗೆ ಹೋಗಿ ನೋಡಿ ಬರುತ್ತಿದ್ದಾನೆ. ಟಾರ್ಪಾಲು ಮುಚ್ಚಿರುವುದರಿಂದ ಗೊತ್ತಾಗುತ್ತಿಲ್ಲವಂತೆ.